ದಿನವಿಡೀ ಕೈಯಲ್ಲಿರುವ ಮೌಸ್: ಡೆಸ್ಕ್‌ಟಾಪ್‌ಗೆ ಒಳ್ಳೆಯ ವೈರ್‌ಲೆಸ್ ಮೌಸ್ ಆರಿಸುವುದು ಹೇಗೆ?

ನಾನು ಉಡುಪಿಯಲ್ಲಿ ಪುಸ್ತಕ, ಲಗ್ನಪತ್ರಿಕೆಗಳ ಪುಟ ವಿನ್ಯಾಸ ಮಾಡುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಏಳರವರೆಗೆ ಬಲಗೈ ಮೌಸ್ ಮೇಲೆಯೇ ಇರುತ್ತದೆ. ನನ್ನ ಮೊದಲ ವೈರ್‌ಲೆಸ್ ಮೌಸನ್ನು ಬಾಕ್ಸ್ ಮೇಲಿನ ಡಿಪಿಐ ಸಂಖ್ಯೆ (ಮೌಸ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ನೋಡಿ ತಗೊಂಡಿದ್ದೆ. ನಾಲ್ಕೇ ತಿಂಗಳಲ್ಲಿ ಉಂಗುರದ ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ವಾರಂಟಿ ಮುಗಿದ ಎರಡು ತಿಂಗಳಿಗೆ ಎಡ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗತೊಡಗಿತು.

ಚಪ್ಪಲಿ ತಗೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ದಿನಕ್ಕೆ ಎಂಟು ಗಂಟೆ ಹಿಡಿದುಕೊಳ್ಳುವ ಮೌಸನ್ನು ಮಾತ್ರ ಬಾಕ್ಸ್ ನೋಡಿ ತಗೊಂಡು ಬರುತ್ತೇವೆ. ಮೌಸ್ ಹಿತವಾಗಿದೆಯೋ ಇಲ್ಲವೋ ಅನ್ನುವುದು ಅದರ ಆಕಾರದಲ್ಲಿದೆ. ಎಷ್ಟು ದಿನ ಬಾಳುತ್ತದೆ ಅನ್ನುವುದು ಎಡ ಬಟನ್ ಕೆಳಗಿರುವ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಸ್ವಿಚ್‌ನಲ್ಲಿದೆ. ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ಇವೆರಡರ ಬಗ್ಗೆಯೂ ಇರುವುದು ಕಡಿಮೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಇವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಮೊದಲು ಕೈ ಅಳೆಯಿರಿ

ಒಂದು ಸ್ಕೇಲ್ ತಗೊಳ್ಳಿ. ಕೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡಿ. ನಡುಬೆರಳಿನ ತುದಿಯಿಂದ ಮಣಿಕಟ್ಟಿನ ಮೊದಲ ಗೆರೆವರೆಗೆ ಅಳೆಯಿರಿ. 17 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಚಿಕ್ಕ ಕೈ, 17ರಿಂದ 19 ಇದ್ದರೆ ಮಧ್ಯಮ, ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡ ಕೈ. ಇದು ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಮೌಸ್‌ನ ಉದ್ದ ಕೈಯ ಉದ್ದದ ಸುಮಾರು ಶೇ. 60 ಅಥವಾ ಸ್ವಲ್ಪ ಹೆಚ್ಚು ಇದ್ದರೆ ಸಾಮಾನ್ಯವಾಗಿ ಹಿತವಾಗಿರುತ್ತದೆ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಲಾಜಿಟೆಕ್ ಎಂ185 ಸುಮಾರು 10 ಸೆಂಟಿಮೀಟರ್ ಉದ್ದ. ಅದೇ ಕಂಪನಿಯ ಎಂಎಕ್ಸ್ ಮಾಸ್ಟರ್ 3ಎಸ್ ಸುಮಾರು 12.5 ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಹೇಳಲು ಸಣ್ಣದು. ಕೈಗೆ ಅದು ಬಹಳ ದೊಡ್ಡದು. 19.5 ಸೆಂಟಿಮೀಟರ್ ಕೈಯಿರುವ ನಾನು ಚಿಕ್ಕ ಮೌಸ್ ಹಿಡಿದಾಗ ಬೆರಳುಗಳು ಸದಾ ಮಡಚಿಕೊಂಡೇ ಇರುತ್ತಿದ್ದವು. ನೋವಿನ ಮೂಲ ಅದೇ ಆಗಿತ್ತು. ದೊಡ್ಡ ಮೌಸ್‌ಗೆ ಬದಲಾದ ಕೆಲವೇ ವಾರಗಳಲ್ಲಿ ನೋವು ಹೋಯಿತು.

ಉದ್ದ ಗೊತ್ತಾದ ಮೇಲೆ ನೀವು ಮೌಸ್ ಹಿಡಿಯುವ ರೀತಿ ನೋಡಿ. ಕೆಲವರು ಅಂಗೈ ಪೂರ್ತಿ ಮೌಸ್ ಮೇಲೆ ಊರುತ್ತಾರೆ. ಕೆಲವರು ಅಂಗೈಯ ಹಿಂಭಾಗ ಮಾತ್ರ ತಾಗಿಸಿ ಬೆರಳುಗಳನ್ನು ಕಮಾನಿನಂತೆ ಬಗ್ಗಿಸುತ್ತಾರೆ. ಇನ್ನು ಕೆಲವರು ಬರೀ ಬೆರಳ ತುದಿಯಲ್ಲೇ ನಡೆಸುತ್ತಾರೆ. ನಿಮ್ಮದು ಯಾವುದು ಎಂದು ಯೋಚಿಸಿ ತಲೆ ಕೆಡಿಸಿಕೊಳ್ಳಬೇಡಿ, ಹಳೆಯ ಮೌಸನ್ನೇ ಕೇಳಿ. ಅದನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೈ ತಾಗಿ ತಾಗಿ ಸವೆದ ಜಾಗ ಹೊಳೆಯುತ್ತದೆ. ಬೆನ್ನಿನ ಮೇಲೆ ದೊಡ್ಡ ಹೊಳಪಿನ ಮಚ್ಚೆ ಇದ್ದರೆ ನಿಮ್ಮದು ಅಂಗೈ ಊರುವ ಹಿಡಿತ. ನಿಮಗೆ ಬೆನ್ನು ಎತ್ತರ ಇರುವ, ಉದ್ದನೆಯ ಮೌಸ್ ಬೇಕು. ಬಟನ್ ತುದಿ ಮತ್ತು ಎರಡು ಪಕ್ಕ ಮಾತ್ರ ಹೊಳೆದರೆ ನೀವು ಬೆರಳ ತುದಿಯವರು. ಹಗುರವಾದ, ಚಪ್ಪಟೆ ಮೌಸ್ ಸಾಕು.

ಕಿರುಬೆರಳಿನ ಹೊರಬದಿಯನ್ನೂ ನೋಡಿಕೊಳ್ಳಿ. ಅಲ್ಲಿ ಚರ್ಮ ಒರಟಾಗಿದ್ದರೆ ಅಥವಾ ಕಪ್ಪಾಗಿದ್ದರೆ ಬೆರಳು ಮೌಸ್ ಮೇಲೆ ಜಾಗ ಸಿಗದೆ ಪ್ಯಾಡ್ ಮೇಲೆ ಉಜ್ಜುತ್ತಿದೆ ಎಂದರ್ಥ. ಮುಂದಿನ ಮೌಸ್ ಅಗಲದಲ್ಲಿ ಒಂದು ಸೈಜ್ ದೊಡ್ಡದಿರಲಿ.

ಎಡಗೈಯವರಿಗೆ ಆಯ್ಕೆ ಕಡಿಮೆ ಅನ್ನುವುದು ನಿಜ. ಹೆಬ್ಬೆರಳಿಗೆ ಗುಳಿ ಕೊಟ್ಟ ಮೌಸ್‌ಗಳೆಲ್ಲ ಸಾಮಾನ್ಯವಾಗಿ ಬಲಗೈಯವೇ. ಎರಡೂ ಪಕ್ಕ ಒಂದೇ ಥರ ಇರುವ ಮೌಸ್ ತಗೊಂಡು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬಟನ್ ಅದಲು ಬದಲು ಮಾಡಿಕೊಳ್ಳಬಹುದು. ಲಾಜಿಟೆಕ್‌ನ ಎಂ650 ಮತ್ತು ಲಿಫ್ಟ್ ಮೌಸ್‌ಗಳಿಗೆ ಎಡಗೈಯ ಮಾದರಿಯೂ ಇದೆ.

ಹಂತ 2: ಈಗಾಗಲೇ ನೋವಿದ್ದರೆ

ಒಮ್ಮೆ ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಆಮೇಲೆ ಯಾರಿಗೋ ಕೈ ಕುಲುಕುವ ಹಾಗೆ ಪಕ್ಕಕ್ಕೆ ತಿರುಗಿಸಿ. ಎರಡನೆಯದರಲ್ಲಿ ಮುಂಗೈ ಸಡಿಲವಾಗಿದ್ದು ತಿಳಿಯಿತಲ್ವಾ? ಬೋರಲಾಗಿ ಇಟ್ಟಾಗ ಮುಂಗೈಯ ಎರಡು ಎಲುಬುಗಳು ಒಂದರ ಮೇಲೊಂದು ಹೊರಳಿ ನಿಲ್ಲುತ್ತವೆ. ವರ್ಟಿಕಲ್ ಮೌಸ್ ಅನ್ನುವುದು ಈ ತಿರುಚುವಿಕೆಯನ್ನು ಕಡಿಮೆ ಮಾಡಲು ಬಂದದ್ದು. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್, ಲಿಫ್ಟ್ ಎರಡೂ 57 ಡಿಗ್ರಿ ಓರೆಯಾಗಿವೆ. ಲಿಫ್ಟ್ ಚಿಕ್ಕ ಮತ್ತು ಮಧ್ಯಮ ಕೈಗೆ, ಎಂಎಕ್ಸ್ ವರ್ಟಿಕಲ್ ದೊಡ್ಡ ಕೈಗೆ.

ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಮೊದಲ ದಿನ ಸಣ್ಣ ಗೆರೆ ಹಿಡಿದು ಎಳೆಯುವುದೂ ಕಷ್ಟ. ಅಲ್ಲಿಗೇ ಬಿಟ್ಟುಬಿಡಬೇಡಿ. ಆದರೆ ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮೌಸ್ ಬದಲಿಸುತ್ತಾ ಕೂರಬೇಡಿ. ಅದು ಮಣಿಕಟ್ಟಿನ ನರ ಒತ್ತಿಕೊಂಡ ಲಕ್ಷಣ ಇರಬಹುದು. ವೈದ್ಯರಿಗೆ ತೋರಿಸಿ.

ಇನ್ನೊಂದು ಸಂಗತಿಗೆ ದುಡ್ಡೇ ಬೇಕಾಗಿಲ್ಲ. ಡೆಸ್ಕ್‌ಟಾಪ್ ಕೀಬೋರ್ಡ್‌ನ ಬಲಕ್ಕೆ ಅಂಕಿಗಳ ಕೀಗಳಿರುತ್ತವೆ. ಅವುಗಳಿಂದಾಗಿ ಮೌಸ್ ದೂರ ಸರಿಯುತ್ತದೆ, ತೋಳು ಹೊರಕ್ಕೆ ಚಾಚಿಕೊಂಡೇ ಇರುತ್ತದೆ, ಸಂಜೆಗೆ ಭುಜ ನೋಯುತ್ತದೆ. ಕೀಬೋರ್ಡನ್ನು ಸ್ವಲ್ಪ ಎಡಕ್ಕೆ ಸರಿಸಿ ಮೌಸನ್ನು ಹತ್ತಿರ ತನ್ನಿ. ಕುರ್ಚಿಯನ್ನು ಮೊಣಕೈ ಮೇಜಿನ ಮಟ್ಟಕ್ಕೆ ಬರುವ ಹಾಗೆ ಇಟ್ಟುಕೊಳ್ಳಿ. ಲೆಕ್ಕಪತ್ರದ ಕೆಲಸ ಇಲ್ಲದವರು ಅಂಕಿ ಕೀಗಳಿಲ್ಲದ ಕೀಬೋರ್ಡ್ ತಗೊಂಡರೆ ಇನ್ನೂ ಒಳ್ಳೆಯದು.

ಹಂತ 3: ಡಾಂಗಲ್ ಬೇಕೋ, ಬ್ಲೂಟೂತ್ ಬೇಕೋ?

ಡೆಸ್ಕ್‌ಟಾಪ್‌ಗೆ ನನ್ನ ಉತ್ತರ ಡಾಂಗಲ್, ಅಂದರೆ ಮೌಸ್ ಜೊತೆ ಬರುವ, ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ರಿಸೀವರ್. ಎರಡೂ ಇರುವ ಮೌಸ್ ಸಿಕ್ಕರೆ ಒಳ್ಳೆಯದೇ. ಬರೀ ಬ್ಲೂಟೂತ್ ಇರುವುದು ಬೇಡ.

ಅಸೆಂಬಲ್ ಮಾಡಿಸಿದ ಎಷ್ಟೋ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿ ಬ್ಲೂಟೂತ್ ಇರುವುದೇ ಇಲ್ಲ. ಅದಕ್ಕೊಂದು ಅಡಾಪ್ಟರ್ ತಂದರೆ ಮತ್ತೆ ಯುಎಸ್‌ಬಿ ಕಿಂಡಿಯೊಂದು ಹೋಯಿತು. ವಿಂಡೋಸ್ ಮತ್ತೆ ಹಾಕುವಾಗ ಅಥವಾ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯಾಸ್ ಸೆಟ್ಟಿಂಗ್‌ಗೆ ಹೋದಾಗ ಬ್ಲೂಟೂತ್ ಮೌಸ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಡಾಂಗಲ್ ಮೌಸನ್ನು ಕಂಪ್ಯೂಟರ್ ಸಾದಾ ಯುಎಸ್‌ಬಿ ಮೌಸ್ ಎಂದೇ ತಿಳಿಯುತ್ತದೆ.

ಡಾಂಗಲ್ ಎಲ್ಲಿ ಚುಚ್ಚುತ್ತೀರಿ ಅನ್ನುವುದು ತುಂಬಾ ಮುಖ್ಯ. ನಮ್ಮಲ್ಲಿ ಸಿಪಿಯು ಮೇಜಿನ ಕೆಳಗೆ ಇರುತ್ತದೆ. ಡಾಂಗಲ್ ಹಿಂದುಗಡೆ ಹಾರ್ಡ್ ಡಿಸ್ಕ್ ವೈರ್ ಪಕ್ಕ ಇರುತ್ತದೆ. ಫೈಲ್ ಕಾಪಿ ಶುರುವಾದ ತಕ್ಷಣ ಕರ್ಸರ್ ತೊದಲಿದ ಹಾಗೆ ನಿಂತು ನಿಂತು ಓಡುತ್ತದೆ. ಮೌಸ್ ಕೆಟ್ಟಿತು ಎಂದುಕೊಂಡು ಎಷ್ಟೋ ಜನ ಹೊಸದು ತರುತ್ತಾರೆ. ಕೆಟ್ಟಿರುವುದಿಲ್ಲ. ಯುಎಸ್‌ಬಿ 3.0 ಕಿಂಡಿ, ಅದಕ್ಕೆ ಚುಚ್ಚಿದ ಡಿಸ್ಕ್ ಮತ್ತು ವೈರ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಹೊಮ್ಮಿಸುತ್ತವೆ. ವೈರ್‌ಲೆಸ್ ಮೌಸ್ ಮಾತಾಡುವುದೂ ಅದೇ ಅಲೆಯಲ್ಲಿ. 2012ರಲ್ಲಿ ಇಂಟೆಲ್ ಕಂಪನಿಯೇ ಈ ತೊಂದರೆಯ ಬಗ್ಗೆ ವಿವರವಾದ ವರದಿ ಹೊರತಂದಿತು.

ಪರಿಹಾರ ಸುಲಭ. ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ವೈರ್ ತಗೊಂಡು ಡಾಂಗಲನ್ನು ಮೇಜಿನ ಮೇಲೆ, ಮೌಸ್‌ನಿಂದ ಒಂದು ಮೊಳ ದೂರದಲ್ಲಿ ಇಡಿ. ನಾನು ಮಾನಿಟರ್ ಸ್ಟ್ಯಾಂಡ್‌ಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಅಂದಿನಿಂದ ಕರ್ಸರ್ ಒಂದು ಸಲವೂ ನಿಂತಿಲ್ಲ.

ಡಾಂಗಲ್ ಕಳೆದುಹೋದರೆ ಏನು ಗತಿ ಅನ್ನುವುದನ್ನೂ ತಗೊಳ್ಳುವಾಗಲೇ ಕೇಳಿ. ಅಗ್ಗದ ಎಷ್ಟೋ ಮೌಸ್‌ಗಳಿಗೆ ಅದರ ಜೊತೆ ಬಂದ ಡಾಂಗಲ್ ಮಾತ್ರ ಹೊಂದುತ್ತದೆ. ಅದು ಹೋದರೆ ಮೌಸೂ ಹೋದ ಹಾಗೆ. ಲಾಜಿಟೆಕ್‌ನ ಯೂನಿಫೈಯಿಂಗ್ ಅಥವಾ ಬೋಲ್ಟ್ ಗುರುತಿರುವ ಮೌಸ್‌ಗೆ ಅದೇ ಗುರುತಿನ ಬೇರೆ ಡಾಂಗಲ್ ತಂದು ಜೋಡಿಸಬಹುದು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ, ನೆನಪಿರಲಿ.

ಹಂತ 4: ಸ್ವಿಚ್, ಅಂದರೆ ಮೌಸ್‌ನ ಆಯಸ್ಸು

ಬಟನ್ ಕೆಳಗಿನ ಸ್ವಿಚ್‌ನ ಒಳಗೆ ತಾಮ್ರದ ಮಿಶ್ರಲೋಹದ ತೆಳುವಾದ ಪಟ್ಟಿ ಇರುತ್ತದೆ. ಒತ್ತಿದಾಗ ಅದು ಟಕ್ ಎಂದು ಬಾಗಿ ಇನ್ನೊಂದು ಲೋಹದ ಬಿಂದುವಿಗೆ ತಾಗುತ್ತದೆ. ಬಿಟ್ಟಾಗ ವಾಪಸ್ ಚಿಮ್ಮುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಪಟ್ಟಿಯ ಬಿಗಿ ಕಡಿಮೆಯಾಗುತ್ತದೆ, ತಾಗುವ ಜಾಗದಲ್ಲಿ ಕಿಲುಬಿನ ಪೊರೆ ಬರುತ್ತದೆ. ಆಗ ಒಂದೇ ಸಲ ಒತ್ತಿದರೂ ಪಟ್ಟಿ ನಡುಗಿ ಎರಡು ಸಲ ತಾಗಿದ ಹಾಗೆ ಕಂಪ್ಯೂಟರ್‌ಗೆ ಕಾಣುತ್ತದೆ. ಹೆಚ್ಚಿನ ಮೌಸ್‌ಗಳು ಸಾಯುವುದು ಈ ಡಬಲ್ ಕ್ಲಿಕ್ ಕಾಯಿಲೆಯಿಂದಲೇ. ಮೌಸ್ ಸರಿದದ್ದನ್ನು ಅಡಿಯಿಂದ ಓದುವ ಸೆನ್ಸರ್ ಕೆಟ್ಟದ್ದನ್ನು ನಾನು ನೋಡಿದ್ದೇ ಅಪರೂಪ.

ಸ್ವಿಚ್‌ಗೆ ಕಂಪನಿಗಳು ಕ್ಲಿಕ್ ಲೆಕ್ಕದಲ್ಲಿ ಆಯಸ್ಸು ಹೇಳುತ್ತವೆ. 5 ಮಿಲಿಯನ್ ಅಂದರೆ 50 ಲಕ್ಷ, 10 ಮಿಲಿಯನ್ ಅಂದರೆ 1 ಕೋಟಿ. ದಿನಕ್ಕೆ 5,000 ಕ್ಲಿಕ್, ವರ್ಷಕ್ಕೆ 300 ದಿನ ಕೆಲಸ ಎಂದುಕೊಳ್ಳಿ. ವರ್ಷಕ್ಕೆ 15 ಲಕ್ಷ ಕ್ಲಿಕ್ ಆಯಿತು. 50 ಲಕ್ಷದ ಸ್ವಿಚ್ ಮೂರು ವರ್ಷದ ಮೇಲೆ ಸ್ವಲ್ಪ ದಿನ, 1 ಕೋಟಿಯದ್ದು ಆರೂವರೆ ವರ್ಷ. ಇದು ಕಾಗದದ ಲೆಕ್ಕ. ಧೂಳು, ತೇವ ಇರುವ ಕಡೆ ಅದಕ್ಕಿಂತ ಮೊದಲೇ ಕೈಕೊಡಬಹುದು. ಆದರೂ ದಿನವಿಡೀ ಕೆಲಸ ಮಾಡುವವರು 1 ಕೋಟಿಗಿಂತ ಕಡಿಮೆಯದ್ದನ್ನು ತಗೊಳ್ಳಬೇಡಿ ಎಂದೇ ನನ್ನ ಸಲಹೆ. ಬಾಕ್ಸ್ ಮೇಲೆ ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಮಾದರಿಯ ವಿವರ ತೆಗೆದು ನೋಡಿ. ಓಮ್ರಾನ್, ಕೈಲ್, ಹುವಾನೋ ಅನ್ನುವುದು ಈ ಸ್ವಿಚ್ ತಯಾರಿಸುವ ಕಂಪನಿಗಳ ಹೆಸರು.

ಈಗ ಆಪ್ಟಿಕಲ್ ಸ್ವಿಚ್ ಬಂದಿದೆ. ಅದರಲ್ಲಿ ಕ್ಲಿಕ್ ತಿಳಿಯುವುದು ಬೆಳಕಿನ ಕಿರಣದಿಂದ, ಲೋಹ ಲೋಹಕ್ಕೆ ತಾಗಿ ಅಲ್ಲ. ಹಾಗಾಗಿ ಕಿಲುಬಿನಿಂದ ಬರುವ ಡಬಲ್ ಕ್ಲಿಕ್ ಇದರಲ್ಲಿಲ್ಲ. ಹೆಚ್ಚಾಗಿ ಗೇಮಿಂಗ್ ಮೌಸ್‌ಗಳಲ್ಲಿ ಸಿಗುತ್ತದೆ. ಬಜೆಟ್ ಇದ್ದರೆ ಆಫೀಸ್ ಕೆಲಸಕ್ಕೂ ಒಳ್ಳೆಯದೇ. ಶಬ್ದವಿಲ್ಲದ ಮೌಸ್‌ಗಳು ಬೇರೆ ಜಾತಿ. ರಾತ್ರಿ ಮಗು ಮಲಗಿರುವ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಅವು ವರವೇ ಸರಿ. ಆದರೆ ಒತ್ತಿದ್ದು ಬೆರಳಿಗೆ ಮೆತ್ತಗೆ ತಿಳಿಯುತ್ತದೆ, ತಗೊಳ್ಳುವ ಮೊದಲು ಒತ್ತಿ ನೋಡಿ.

ವಾರಂಟಿ ಮುಗಿದ ಮೌಸ್‌ಗೆ ಡಬಲ್ ಕ್ಲಿಕ್ ಬಂದರೆ ಎಸೆಯಬೇಡಿ. ಸಾಲ್ಡರಿಂಗ್ ಗೊತ್ತಿರುವ ರಿಪೇರಿಯವರು ಹೊಸ ಸ್ವಿಚ್ ಹಾಕಿಕೊಡುತ್ತಾರೆ. ಬಿಚ್ಚುವ ಸ್ಕ್ರೂ ಎಷ್ಟೋ ಸಲ ಅಡಿಯಲ್ಲಿ ಅಂಟಿಸಿದ ನುಣುಪಾದ ಪಾದಗಳ ಕೆಳಗೇ ಅಡಗಿರುತ್ತದೆ.

ಸ್ಕ್ರೋಲ್ ಚಕ್ರಕ್ಕೂ ಒಂದು ಮಾತು. ನಿಧಾನವಾಗಿ ಒಂದೊಂದೇ ಹಲ್ಲು ತಿರುಗಿಸಿ. ಪ್ರತಿ ಹಲ್ಲೂ ಬೆರಳಿಗೆ ಸ್ಪಷ್ಟವಾಗಿ ಸಿಗಬೇಕು. ಚಕ್ರ ಪಕ್ಕಕ್ಕೆ ಅಲುಗಾಡಬಾರದು.

ಹಂತ 5: ಮೈ ಯಾವುದರದ್ದು ನೋಡಿ

ಕರಾವಳಿಯವರು, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ. ಕೆಲವು ಮೌಸ್‌ಗಳಿಗೆ ರಬ್ಬರ್‌ನಂಥ ಮೆತ್ತನೆಯ ಲೇಪ ಇರುತ್ತದೆ. ಅಂಗಡಿಯಲ್ಲಿ ಮುಟ್ಟಿದರೆ ಮಖಮಲ್ಲಿನ ಹಾಗಿರುತ್ತದೆ. ಗಾಳಿಯ ತೇವ, ಕೈ ಬೆವರು, ಎಣ್ಣೆ ಸೇರಿ ಆ ಲೇಪ ನಿಧಾನಕ್ಕೆ ಕರಗುತ್ತದೆ. ನನ್ನ ಒಂದು ಮೌಸ್ ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಬೆಲ್ಲದ ಪಾಕ ಸವರಿದ ಹಾಗೆ ಅಂಟಂಟಾಗಿತ್ತು. ಹೆಬ್ಬೆರಳು ಇಡುವ ಕಡೆ ಲೇಪ ಕಪ್ಪು ಎಳೆಯಾಗಿ ಕೈಗೇ ಬರುತ್ತಿತ್ತು. ಒಳಗೆ ಎಲ್ಲವೂ ಚೆನ್ನಾಗಿತ್ತು, ಮುಟ್ಟಲು ಮನಸ್ಸಾಗದೆ ಬಿಟ್ಟೆ. ಆಮೇಲಿಂದ ನಾನು ಲೇಪವಿಲ್ಲದ, ಸ್ವಲ್ಪ ತರಿತರಿಯಾದ ಗಟ್ಟಿ ಪ್ಲಾಸ್ಟಿಕ್‌ನದ್ದೇ ತಗೊಳ್ಳುವುದು. ಪಕ್ಕದಲ್ಲಿ ಅಚ್ಚು ಹಾಕಿದ ದಪ್ಪ ರಬ್ಬರ್ ತುಂಡು ಇದ್ದರೆ ಅಷ್ಟು ತೊಂದರೆಯಿಲ್ಲ. ತೊಂದರೆ ಬರುವುದು ತೆಳು ಲೇಪದಿಂದ.

ಹಂತ 6: ಸೆಲ್ಲೋ, ಚಾರ್ಜಿಂಗೋ?

ಬಹುಕಾಲ ಬಾಳುವುದೇ ಮುಖ್ಯವಾದರೆ ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್‌ನ ಮೌಸ್ ತಗೊಳ್ಳಿ. ಒಂದೇ ಸೆಲ್‌ಗೆ ಎಂ185 ಸುಮಾರು 12 ತಿಂಗಳು, ಎಂ650 ಸುಮಾರು 24 ತಿಂಗಳು ಬರುತ್ತದೆ ಎಂದು ಕಂಪನಿ ಹೇಳುತ್ತದೆ. ದಿನವಿಡೀ ಬಳಸಿದರೆ ಅದಕ್ಕಿಂತ ಕಡಿಮೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಸೆಲ್ ಮುಗಿದರೆ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ.

ಒಳಗೇ ಬ್ಯಾಟರಿ ಇರುವ ಮೌಸ್‌ಗಳಿಗೆ ಸೆಲ್ ತರುವ ರಗಳೆ ಇಲ್ಲ. ಎಂಎಕ್ಸ್ ಮಾಸ್ಟರ್ 3ಎಸ್ ಒಂದು ಪೂರ್ತಿ ಚಾರ್ಜ್‌ಗೆ 70 ದಿನ ಅನ್ನುತ್ತಾರೆ. ಆದರೆ ಲಿಥಿಯಂ ಬ್ಯಾಟರಿ ಕೆಲವು ವರ್ಷಕ್ಕೆ ದಣಿಯುತ್ತದೆ, ಮನೆಯಲ್ಲಿ ಬದಲಿಸುವುದು ಸುಲಭವಲ್ಲ. ತಗೊಳ್ಳುವುದಾದರೆ ಎರಡು ವಿಷಯ ನೋಡಿ. ಚಾರ್ಜಿಂಗ್ ಕಿಂಡಿ ಟೈಪ್ ಸಿ ಆಗಿರಲಿ, ಮತ್ತು ಅದು ಮೌಸ್‌ನ ಮುಂಭಾಗದಲ್ಲಿರಲಿ. ಮುಂದಿದ್ದರೆ ಚಾರ್ಜ್ ಆಗುತ್ತಲೇ ಕೆಲಸ ಮಾಡಬಹುದು. ಆಪಲ್‌ನ ಮ್ಯಾಜಿಕ್ ಮೌಸ್‌ಗೆ ಕಿಂಡಿ ಹೊಟ್ಟೆಯ ಅಡಿಯಲ್ಲಿದೆ. ಚಾರ್ಜ್ ಆಗುವಷ್ಟು ಹೊತ್ತು ಅದನ್ನು ಬಳಸುವ ಹಾಗಿಲ್ಲ.

ಹಂತ 7: ಡಿಪಿಐಗೆ ಮರುಳಾಗಬೇಡಿ

ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಸೆನ್ಸರ್ ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವ ಲೆಕ್ಕ. ಫುಲ್ ಎಚ್‌ಡಿ ಮಾನಿಟರ್‌ಗೆ 1,000ದಿಂದ 1,600 ಬೇಕಾದಷ್ಟಾಯಿತು. 4ಕೆ ಮಾನಿಟರ್ ಇದ್ದರೆ 2,000ದ ಮೇಲೆ ಇರಲಿ. ಮೇಜಿಗೆ ಗಾಜು ಹಾಕಿದ್ದರೆ ಸಾಮಾನ್ಯ ಸೆನ್ಸರ್ ಸರಿಯಾಗಿ ಓದುವುದಿಲ್ಲ. ಹೊಳೆಯುವ ಸನ್‌ಮೈಕಾ ಮೇಲೂ ಕೆಲವು ತಡವರಿಸುತ್ತವೆ. ಸುಮ್ನೆ ಒಂದು ಬಟ್ಟೆಯ ಮೌಸ್ ಪ್ಯಾಡ್ ಹಾಕಿ. ಮೌಸ್ ಪಾದಗಳೂ ಬೇಗ ಸವೆಯುವುದಿಲ್ಲ.

ಹಂತ 8: ಅಂಗಡಿಯಲ್ಲಿ

ಆನ್‌ಲೈನ್‌ನಲ್ಲಿ ತಗೊಳ್ಳುವವರೂ ಮೊದಲು ಒಂದು ಸಲ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಬೆಂಗಳೂರಿಗೆ ಹೋದಾಗ ನಾನು ಎಸ್.ಪಿ. ರಸ್ತೆಗೆ ಹೋಗುತ್ತೇನೆ. ಅಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳು ಸಾಲಾಗಿವೆ. "ಅಣ್ಣ, ಡಿಸ್‌ಪ್ಲೇ ಪೀಸ್ ಇದ್ರೆ ಒಂದ್ಸಲ ಕೊಡಿ" ಅಂದರೆ ಬಹಳ ಜನ ಕೊಡುತ್ತಾರೆ.

ಸಿಕ್ಕಿದ ಮೇಲೆ ಅವಸರ ಬೇಡ. ಕೌಂಟರ್ ಮೇಲೆ ಇಟ್ಟು ಕಣ್ಣು ಮುಚ್ಚಿ ಎರಡು ನಿಮಿಷ ಹಿಡಿದುಕೊಳ್ಳಿ. ಎಲ್ಲಾದರೂ ಒತ್ತುತ್ತಿದೆ ಅನ್ನಿಸಿದರೆ ಆ ಮೌಸ್ ನಿಮ್ಮದಲ್ಲ. ಬಟನ್‌ನ ತುದಿಯಲ್ಲಿ ಒಂದು ಸಲ, ಮಧ್ಯದಲ್ಲಿ ಒಂದು ಸಲ ಒತ್ತಿ. ಎರಡೂ ಕಡೆ ಬಹುತೇಕ ಒಂದೇ ಬಲ ಸಾಕಾಗಬೇಕು. ಎರಡು ಪಕ್ಕ ಹಿಡಿದು ಮೆಲ್ಲಗೆ ಅದುಮಿ. ಕಿರಕಿರ ಅಂದರೆ ಜೋಡಣೆ ಸಡಿಲ. ಸೆಲ್ ಹಾಕಿಯೇ ತೂಕ ನೋಡಿ.

ಅಸಲಿಯೋ ನಕಲಿಯೋ ತಿಳಿಯಲು ಬಾಕ್ಸ್ ತಿರುಗಿಸಿ. ಆಮದಾದ ಮಾಲಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ದೂರಿಗೆ ಸಂಪರ್ಕದ ವಿವರ ಇರಲೇಬೇಕು ಎಂದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಹೇಳುತ್ತದೆ. ಆ ಚೀಟಿಯೇ ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ವಾರಂಟಿ ಮಾದರಿಯಿಂದ ಮಾದರಿಗೆ ಬೇರೆ, ಒಂದು ವರ್ಷವೂ ಇರುತ್ತದೆ, ಮೂರು ವರ್ಷವೂ ಇರುತ್ತದೆ. ಜಿಎಸ್‌ಟಿ ಬಿಲ್ ಹಾಕಿಸಿಕೊಳ್ಳಿ. ಬಿಲ್ ಮೇಲೆ ಮಾದರಿಯ ಹೆಸರು ಇರಲಿ, ಬರೀ "ಮೌಸ್" ಎಂದು ಬರೆದರೆ ಮುಂದೆ ಕಷ್ಟ.

ಹಂತ 9: ಮೊದಲ ವಾರ

ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮುಗಿಸಿ. ಯಾವುದಾದರೂ ಉದ್ದನೆಯ ಬರಹ ತೆರೆಯಿರಿ. ಎಡ ಬಟನ್ ಒತ್ತಿ ಹಿಡಿದು ಮೊದಲ ಸಾಲಿನಿಂದ ಕೊನೆಯವರೆಗೆ ನಿಧಾನಕ್ಕೆ ಎಳೆಯಿರಿ. ನಡುವೆ ಆಯ್ಕೆ ಕಡಿದುಹೋಗಬಾರದು. ಆಮೇಲೆ ಡೆಸ್ಕ್‌ಟಾಪ್‌ನ ಒಂದು ಫೋಲ್ಡರ್ ಮೇಲೆ ಒಂದೊಂದೇ ಕ್ಲಿಕ್, ಎರಡು ಸೆಕೆಂಡ್‌ಗೊಮ್ಮೆ, ಐವತ್ತು ಸಲ ಮಾಡಿ. ಒಂದು ಸಲವಾದರೂ ಫೋಲ್ಡರ್ ತಾನಾಗಿ ತೆರೆದುಕೊಂಡರೆ ಸ್ವಿಚ್ ಸರಿಯಿಲ್ಲ, ಅಂದೇ ವಾಪಸ್ ಕೊಡಿ.

ಕರ್ಸರ್ ಕೈಗೆ ಹೊಂದುತ್ತಿಲ್ಲ ಅನ್ನಿಸಿದರೆ ವಿಂಡೋಸ್‌ನ ಮೌಸ್ ಸೆಟ್ಟಿಂಗ್ಸ್‌ನಲ್ಲಿ "ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್" ಎದುರಿನ ಟಿಕ್ ತೆಗೆದು ಎರಡು ದಿನ ನೋಡಿ. ಅದು ಇದ್ದಾಗ ಕೈ ವೇಗಕ್ಕೆ ತಕ್ಕಂತೆ ಕರ್ಸರ್ ಓಡುವ ದೂರ ಬದಲಾಗುತ್ತಿರುತ್ತದೆ. ನನ್ನ ಹಾಗೆ ಗೆರೆ, ಚೌಕಟ್ಟು ಎಳೆಯುವವರಿಗೆ ತೆಗೆದರೇ ಹಿತ.

ಕೆಲಸ ಮುಗಿದ ಮೇಲೆ ಅಡಿಯ ಸ್ವಿಚ್ ಆಫ್ ಮಾಡಿ. ತಿಂಗಳಿಗೊಮ್ಮೆ ಪಾದಗಳ ಅಂಚಿಗೆ ಕೂತ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಹತ್ತು ಹದಿನೈದು ದಿನ ಊರಿಗೆ ಹೋಗುವುದಿದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ ಒಳಗಿನ ಸ್ಪ್ರಿಂಗನ್ನು ತಿಂದುಹಾಕುತ್ತದೆ. ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್ ಸೆಲ್ ಆಗಿದ್ದರೆ ಆ ಪುಡಿ ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಸೆಲ್ ಹೊರಗೆ ತೆಗೆದು, ಹತ್ತಿಯ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಹಿಂಡಿ ಸ್ಪ್ರಿಂಗ್‌ಗೆ ಸವರಿ. ಆಮೇಲೆ ನೀರು ತಾಗಿಸಿದ ಕಡ್ಡಿಯಿಂದ ಒರೆಸಿ, ಒಂದು ದಿನ ಫ್ಯಾನ್ ಗಾಳಿಯಲ್ಲಿ ಒಣಗಲು ಬಿಟ್ಟು ಹೊಸ ಸೆಲ್ ಹಾಕಿ. ಹಾಕುವಾಗ ಸೆಲ್ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. ನನ್ನ ಈಗಿನ ಮೌಸ್‌ನಲ್ಲಿ ಹೋದ ವರ್ಷದ ಜುಲೈ ತಿಂಗಳದ್ದಿದೆ.